ಈಥರ್‌ನೆಟ್ ಜಾಲಗಳಲ್ಲಿ ಮೀಸಲು ಮಾರ್ಗ: ಒಂದು ಐತಿಹಾಸಿಕ ವಿವೇಚನೆ

೧

ಊರಿಗೆ ಎರಡು ದಾರಿಗಳಿದ್ದರೆ ಒಂದು ಕೆಟ್ಟಾಗ ಮತ್ತೊಂದು ಒದಗುತ್ತದೆಂಬುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಹೊಳೆ ತುಂಬಿ ಸೇತುವೆ ಮುಳುಗಿದಾಗ ಸುತ್ತುದಾರಿಯನ್ನು ಹಿಡಿಯುವ ಪ್ರಯಾಣಿಕನಿಗೆ, ಉಳಿದ ದಿನಗಳಲ್ಲಿ ಆ ಸುತ್ತುದಾರಿ ತೆರೆದಿದ್ದುದರಿಂದ ಯಾವ ಕೆಡುಕೂ ಆಗಿರುವುದಿಲ್ಲ. ಆದರೆ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಈಥರ್‌ನೆಟ್ ಎಂಬ ಜಾಲವ್ಯವಸ್ಥೆಯಲ್ಲಿ ಸ್ಥಿತಿ ಬೇರೆ. ಅಲ್ಲಿ ಎರಡು ಸ್ಥಾನಗಳ ನಡುವೆ ಎರಡು ದಾರಿಗಳು ಏಕಕಾಲದಲ್ಲಿ ತೆರೆದಿದ್ದರೆ, ಅದೊಂದೇ ಕಾರಣದಿಂದ ಇಡೀ ಜಾಲವು ಕೆಲವು ಕ್ಷಣಗಳಲ್ಲಿ ಸ್ತಬ್ಧವಾಗಬಹುದು. ಆದುದರಿಂದ ಎರಡನೆಯ ದಾರಿಯನ್ನು ನಿರ್ಮಿಸಿ, ಅದನ್ನು ಮುಚ್ಚಿಟ್ಟು, ಮೊದಲನೆಯದು ಕಡಿದ ಗಳಿಗೆಯಲ್ಲಿ ಮಾತ್ರ ತೆರೆಯಬೇಕಾಗುತ್ತದೆ. ತೆರೆಯುವ ಈ ಕಾರ್ಯವನ್ನು ಮನುಷ್ಯನ ಕೈಗೆ ಬಿಡದೆ ಯಂತ್ರಗಳೇ ತಮ್ಮತಮ್ಮೊಳಗೆ ವಿಚಾರಿಸಿಕೊಂಡು ನಡೆಸಬೇಕು. ಇದೇ ಈಥರ್‌ನೆಟ್ ಜಾಲಗಳಲ್ಲಿನ ಮೀಸಲು ಮಾರ್ಗದ ಸಮಸ್ಯೆ.

ಎಂಜಿನಿಯರುಗಳು ಈ ವಿಷಯವನ್ನು ತಮ್ಮ ಪಠ್ಯಗ್ರಂಥಗಳಲ್ಲಿ ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಆದರೆ ಆ ನಿರೂಪಣೆಗಳು ಬಹುಮಟ್ಟಿಗೆ ವೇಗದ ಕಥೆಗಳಾಗಿವೆ. ಕಡಿದ ದಾರಿಯಿಂದ ಮತ್ತೊಂದಕ್ಕೆ ಹೊರಳಲು ಮೊದಲು ಐವತ್ತು ಸೆಕೆಂಡು ಬೇಕಾಗಿದ್ದಿತು, ಅನಂತರ ಕೆಲವು ಸೆಕೆಂಡು, ತರುವಾಯ ಸೆಕೆಂಡಿನ ಒಂದಂಶ ಸಾಕಾಯಿತು ಎಂಬುದು ಅವುಗಳ ಸಾರ. ಈ ಕಥೆ ಸುಳ್ಳಲ್ಲ; ಆದರೆ ಇತಿಹಾಸದ ವಿದ್ಯಾರ್ಥಿಗೆ ಅದು ಸಾಲದು. ಈ ಅರ್ಧ ಶತಮಾನದ ಬೆಳವಣಿಗೆಯ ಒಳಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ. ಪಕ್ಕದ ಯಂತ್ರವು ಏನನ್ನೂ ಹೇಳದೆ ಸುಮ್ಮನಿದ್ದರೆ ಆ ಮೌನಕ್ಕೆ ಏನು ಅರ್ಥ ಮಾಡಬೇಕು? ಈಥರ್‌ನೆಟ್ಟಿನ ಶಿಲ್ಪಿಗಳು ಆದಿಯಿಂದಲೂ ಮೌನವನ್ನು ಸಮ್ಮತಿಯೆಂದು ಭಾವಿಸಿದರೆಂಬುದನ್ನೂ, ಅದರ ಶಕ್ತಿ ಮತ್ತು ದೌರ್ಬಲ್ಯಗಳೆರಡೂ ಆ ಭಾವನೆಯಿಂದಲೇ ಹುಟ್ಟಿದುವೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಒಂದು ದಾರಿ ನಾಶವಾದರೂ ಸಂದೇಶವು ತಲಪಬೇಕೆಂಬ ವಿಚಾರವು ಈಥರ್‌ನೆಟ್ಟಿಗಿಂತ ಹಿಂದಿನದು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ೧೯೬೪ರಲ್ಲಿ ಪ್ರಕಟಿಸಿದ ವರದಿಗಳ ಮಾಲಿಕೆಯಲ್ಲಿ, ಯುದ್ಧಕಾಲದಲ್ಲಿ ಅರ್ಧಕ್ಕರ್ಧ ನಾಶವಾದ ಸಂಪರ್ಕಜಾಲವೂ ಹೇಗೆ ಕಾರ್ಯನಿರ್ವಹಿಸಬಹುದೆಂಬುದನ್ನು ಲೆಕ್ಕಹಾಕಿದನು. ಕೇಂದ್ರವೊಂದನ್ನು ಆಶ್ರಯಿಸದೆ ಪ್ರತಿಯೊಂದು ಠಾಣೆಯನ್ನೂ ನೆರೆಯ ಹಲವು ಠಾಣೆಗಳಿಗೆ ಜೋಡಿಸಬೇಕು. ಸಂದೇಶವನ್ನು ಸಣ್ಣ ತುಂಡುಗಳಾಗಿ ಒಡೆದು, ತೆರೆದಿರುವ ದಾರಿಯಲ್ಲಿ ಕೈಯಿಂದ ಕೈಗೆ ದಾಟಿಸಬೇಕು. ಠಾಣೆಗಳ ಸಂಖ್ಯೆಗೆ ಮೂರು ನಾಲ್ಕು ಪಟ್ಟು ಕೊಂಡಿಗಳಿದ್ದರೆ ಜಾಲವು ತೀವ್ರವಾದ ಹಾನಿಯನ್ನೂ ತಾಳಿಕೊಳ್ಳುತ್ತದೆ ಎಂಬುದು ಅವನ ತೀರ್ಮಾನ. ಇಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ವಿವರವುಂಟು. ಬ್ಯಾರನ್ನನ ಯೋಜನೆಯಲ್ಲಿ ಪ್ರತಿಯೊಂದು ತುಂಡಿನ ಮೇಲೂ ಅದು ಎಷ್ಟು ಕೈ ದಾಟಿ ಬಂದಿದೆಯೆಂಬುದನ್ನು ತಿಳಿಸುವ ಎಣಿಕೆಯೊಂದಿದ್ದಿತು. ಅಲೆದಾಡುವ ಸಂದೇಶವು ತನ್ನ ಅಲೆದಾಟದ ಲೆಕ್ಕವನ್ನು ತಾನೇ ಹೊತ್ತುಕೊಂಡು ಹೋಗುತ್ತಿದ್ದಿತು.

ಈಥರ್‌ನೆಟ್ ಹುಟ್ಟಿದುದು ಬೇರೊಂದು ವಾತಾವರಣದಲ್ಲಿ. ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ೧೯೭೩ರ ಮೇ ೨೨ರಂದು ಬರೆದ ಟಿಪ್ಪಣಿಯಲ್ಲಿ ಆ ಹೆಸರು ಮೊದಲು ಕಾಣಿಸಿಕೊಂಡಿತು. ಬೆಳಕು ಸಂಚರಿಸುವ ಸರ್ವವ್ಯಾಪಿಯಾದ ಮಾಧ್ಯಮವೆಂದು ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿಗಳು ಕಲ್ಪಿಸಿಕೊಂಡಿದ್ದ ಈಥರ್ ಎಂಬುದರಿಂದ ಆ ಹೆಸರನ್ನು ತೆಗೆದುಕೊಳ್ಳಲಾಯಿತು. ಯುದ್ಧದ ಭೀತಿಯಾಗಲಿ ನಗರಗಳ ನಾಶವಾಗಲಿ ಇಲ್ಲಿ ಪ್ರಶ್ನೆಯಾಗಿರಲಿಲ್ಲ. ಒಂದೇ ಕಟ್ಟಡದೊಳಗಿನ ಗಣಕಯಂತ್ರಗಳನ್ನೂ ಮುದ್ರಣಯಂತ್ರವನ್ನೂ ಅಲ್ಪವೆಚ್ಚದಲ್ಲಿ ಜೋಡಿಸುವುದಷ್ಟೇ ಬೇಕಾಗಿದ್ದಿತು. ಹವಾಯಿ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಏಬ್ರಮ್‌ಸನ್ ೧೯೭೧ರಲ್ಲಿ ಪ್ರಾರಂಭಿಸಿದ್ದ ಅಲೋಹ ಎಂಬ ರೇಡಿಯೋ ಜಾಲದ ತತ್ತ್ವವನ್ನು ಮೆಟ್‌ಕಾಫ್ ಮತ್ತು ಅವನ ಸಹೋದ್ಯೋಗಿ ಡೇವಿಡ್ ಬಾಗ್ಸ್ ತಂತಿಗೆ ಅಳವಡಿಸಿ ಸುಧಾರಿಸಿದರು. ಕಟ್ಟಡದುದ್ದಕ್ಕೂ ಒಂದೇ ತಂತಿ. ಎಲ್ಲ ಯಂತ್ರಗಳೂ ಅದಕ್ಕೇ ಅಂಟಿಕೊಂಡಿರುತ್ತವೆ. ಮಾತನಾಡಬೇಕೆಂದಿರುವ ಯಂತ್ರವು ಮೊದಲು ಕಿವಿಗೊಡುತ್ತದೆ. ತಂತಿಯು ನಿಶ್ಶಬ್ದವಾಗಿದ್ದರೆ ಮಾತನಾಡುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಅದೃಷ್ಟಕ್ಕೆ ಬಿಟ್ಟಷ್ಟು ಕಾಲ ತಾಳಿ, ಮತ್ತೆ ಯತ್ನಿಸುತ್ತಾರೆ. ಮೌನಂ ಸಮ್ಮತಿಲಕ್ಷಣಂ ಎಂಬ ಮಾತು ಈಥರ್‌ನೆಟ್ಟಿನ ಮೊದಲನೆಯ ನಿಯಮವೇ ಆಯಿತೆನ್ನಬಹುದು.

ಈ ವ್ಯವಸ್ಥೆಯಲ್ಲಿ ಮೀಸಲು ಮಾರ್ಗಕ್ಕೆ ಎಡೆಯೇ ಇರಲಿಲ್ಲ. ಮೆಟ್‌ಕಾಫ್ ಮತ್ತು ಬಾಗ್ಸ್ ೧೯೭೬ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಈಥರಿನ ಆಕಾರವು ಬೇರಿಲ್ಲದ ಮರದಂತಿರಬೇಕು; ಯಾವ ಕಡೆಗಾದರೂ ಅದರ ಕೊಂಬೆಯನ್ನು ಬೆಳೆಸಬಹುದು; ಆದರೆ ಯಾವ ಎರಡು ಯಂತ್ರಗಳ ನಡುವೆಯೂ ಒಂದೇ ಒಂದು ದಾರಿ ಇರತಕ್ಕದ್ದು; ಎರಡು ದಾರಿಗಳಿದ್ದರೆ ಒಂದೇ ಸಂದೇಶವು ಬೇರೆ ಬೇರೆ ಕಾಲಕ್ಕೆ ಬಂದು ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ ಎಂಬುದು ಅವರ ವಾದದ ತಾತ್ಪರ್ಯ. ಹಾಗಾದರೆ ಜಾಲವು ಕೆಡದಂತೆ ನೋಡಿಕೊಳ್ಳುವುದು ಹೇಗೆ? ಅವರ ಉತ್ತರ ಸರಳವಾಗಿದ್ದಿತು. ತಂತಿಯೊಳಗೆ ಕೆಡತಕ್ಕ ಯಂತ್ರವೇ ಇಲ್ಲ, ಅದು ಕೇವಲ ಲೋಹ, ಯಂತ್ರಗಳೆಲ್ಲ ಅಂಚಿನಲ್ಲಿವೆ, ಒಂದು ಕೆಟ್ಟರೆ ಉಳಿದುವು ಮಾತನಾಡುತ್ತಲೇ ಇರುತ್ತವೆ. ಬ್ಯಾರನ್ ಹೆಚ್ಚಿನ ಕೊಂಡಿಗಳಲ್ಲಿ ಕಂಡುಕೊಂಡ ಭದ್ರತೆಯನ್ನು ಇವರು ಕಡಿಮೆ ಸಾಮಗ್ರಿಯಲ್ಲಿ ಕಂಡುಕೊಂಡರು. ಅದರ ಫಲವಾಗಿ ಈಥರ್‌ನೆಟ್ಟಿನ ಸಂದೇಶಕ್ಕೆ, ಎಂದರೆ ಫ್ರೇಮ್ ಎಂದು ಕರೆಯಲ್ಪಡುವ ತುಂಡಿಗೆ, ಎಷ್ಟು ಕೈ ದಾಟಿತೆಂಬ ಎಣಿಕೆಯ ಅಗತ್ಯವೇ ತೋರಲಿಲ್ಲ. ದಾಟಬೇಕಾದ ಕೈಗಳೇ ಇಲ್ಲದಿರುವಾಗ ಎಣಿಕೆಯೇಕೆ? ೧೯೮೦ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಜೆರಾಕ್ಸ್ ಕಂಪೆನಿಗಳು ಜಂಟಿಯಾಗಿ ಪ್ರಕಟಿಸಿದ ನಿರ್ದೇಶದಲ್ಲಿಯೂ, ೧೯೮೩ರಲ್ಲಿ ಅಂಗೀಕೃತವಾದ ಐ.ಇ.ಇ.ಇ. ೮೦೨.೩ ಎಂಬ ಶಿಷ್ಟ ನಿಯಮದಲ್ಲಿಯೂ ಆ ಎಣಿಕೆ ಇಲ್ಲ. ಇಲ್ಲದ ಈ ಒಂದು ಅಂಕೆಯು ಮುಂದಿನ ನಾಲ್ಕು ದಶಕಗಳ ಇತಿಹಾಸವನ್ನು ರೂಪಿಸಿತು.

೩

ಸೆಕೆಂಡಿಗೆ ೧ ಕೋಟಿ ಬಿಟ್ಟುಗಳ ವೇಗದ ಈ ಜಾಲಕ್ಕೆ ಮಿತಿಗಳಿದ್ದುವು. ತಂತಿಯ ಒಂದು ತುಂಡು ೫೦೦ ಮೀಟರಿಗಿಂತ ಉದ್ದವಿರಕೂಡದು. ಅತ್ಯಂತ ದೂರದ ಎರಡು ಯಂತ್ರಗಳ ಅಂತರವು ಸುಮಾರು ೨.೫ ಕಿಲೋಮೀಟರನ್ನು ಮೀರಕೂಡದು. ಒಟ್ಟು ಯಂತ್ರಗಳು ೧೦೨೪ನ್ನು ದಾಟಕೂಡದು. ಸಂಸ್ಥೆಗಳು ಬೆಳೆದಂತೆಲ್ಲ ಇದು ಇಕ್ಕಟ್ಟಾಯಿತು. ಡಿಜಿಟಲ್ ಕಂಪೆನಿಯಲ್ಲಿ ಮಾರ್ಕ್ ಕೆಂಪ್ಫ್ ಮತ್ತು ಅವನ ಸಂಗಡಿಗರು ೧೯೮೦ರ ದಶಕದ ಮೊದಲ ಭಾಗದಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಅದೇ ಬ್ರಿಜ್, ಇಂದಿನ ಸ್ವಿಚ್ಚಿನ ಪೂರ್ವಜ.

ಬ್ರಿಜ್ಜಿನ ಕೆಲಸ ಹೀಗೆ. ಅದು ಎರಡು ತಂತಿಗಳ ನಡುವೆ ಕುಳಿತು ಎರಡರ ಮಾತನ್ನೂ ಆಲಿಸುತ್ತದೆ. ಯಾವ ಯಂತ್ರದ ದನಿ ಯಾವ ಕಡೆಯಿಂದ ಬಂದಿತೆಂಬುದನ್ನು ಗುರುತು ಹಾಕಿಕೊಳ್ಳುತ್ತದೆ. ಒಂದು ಫ್ರೇಮ್ ಬಂದಾಗ ಅದರ ವಿಳಾಸದ ಯಂತ್ರವು ಅದೇ ಕಡೆ ಇದ್ದರೆ ಸುಮ್ಮನಾಗುತ್ತದೆ; ಮತ್ತೊಂದು ಕಡೆ ಇದ್ದರೆ ಅತ್ತ ದಾಟಿಸುತ್ತದೆ; ಎಲ್ಲಿದೆಯೆಂದು ತಿಳಿಯದಿದ್ದರೆ, ಅಥವಾ ಸಂದೇಶವು ಸಕಲರಿಗೂ ಸಂಬಂಧಿಸಿದ ಡಂಗುರವಾಗಿದ್ದರೆ, ಬಂದ ದಿಕ್ಕನ್ನುಳಿದು ಎಲ್ಲ ಕಡೆಗೂ ಕಳುಹಿಸುತ್ತದೆ. ಯಂತ್ರಗಳಿಗೆ ತಮ್ಮ ನಡುವೆ ಬ್ರಿಜ್ ಇದೆಯೆಂಬ ಅರಿವೇ ಇರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟುವುದು ಸಹಜ. ಬ್ಯಾರನ್ನನ ಪರಂಪರೆಯಲ್ಲಿ ಬೆಳೆದ ರೌಟರ್ ಎಂಬ ಯಂತ್ರವು ದಾರಿಗಳನ್ನು ಲೆಕ್ಕಹಾಕಿ, ಎಣಿಕೆಯನ್ನು ಇಳಿಸುತ್ತಾ, ಸಂದೇಶವನ್ನು ದಾಟಿಸುವ ವಿದ್ಯೆಯನ್ನು ಆಗಲೇ ಬಲ್ಲುದಾಗಿರಲು, ಬ್ರಿಜ್ಜೇಕೆ? ಡಿಜಿಟಲ್ ಕಂಪೆನಿಯಲ್ಲಿ ಅಂತಹ ದಾರಿಗಣನೆಯ ತಜ್ಞೆಯಾಗಿದ್ದ ರೇಡಿಯ ಪರ್ಲ್‌ಮನ್ ಇದೇ ಆಕ್ಷೇಪಣೆಯನ್ನು ಎತ್ತಿದರೆಂದೂ, ಬ್ರಿಜ್ಜನ್ನು ತಾತ್ಕಾಲಿಕ ತೇಪೆಯೆಂದೇ ಎಣಿಸಿದರೆಂದೂ ಅವರ ಬರಹಗಳಿಂದಲೇ ತಿಳಿದುಬರುತ್ತದೆ. ಆದರೆ ಅದಾಗಲೇ ಹಲವರು ಈಥರ್‌ನೆಟ್ಟನ್ನೇ ಸಂಪೂರ್ಣ ಜಾಲವೆಂದು ನಂಬಿ, ರೌಟರಿಗೆ ಬೇಕಾದ ವಿಳಾಸವಿಲ್ಲದ ವಿಧಾನಗಳನ್ನು ರಚಿಸಿಬಿಟ್ಟಿದ್ದರು. ಅದೇ ಕಂಪೆನಿಯ ಲ್ಯಾಟ್ ಎಂಬ ವಿಧಾನವು ಅದಕ್ಕೊಂದು ನಿದರ್ಶನ. ಗ್ರಾಹಕರ ಯಂತ್ರಗಳನ್ನು ಬದಲಿಸದೆ ಜಾಲವನ್ನು ಬೆಳೆಸಬೇಕಾಗಿದ್ದಿತು. ವಿಚಾರಶುದ್ಧಿಗಿಂತ ಅನಿವಾರ್ಯತೆ ಬಲವಾದುದು. ಬ್ರಿಜ್ ಬಳಕೆಗೆ ಬಂದಿತು.

ಅದರೊಡನೆ ಅಪಾಯವೂ ಬಂದಿತು. ಎರಡು ತಂತಿಗಳ ನಡುವೆ, ಒಂದು ಕೆಟ್ಟರೆ ಮತ್ತೊಂದಿರಲೆಂದು, ಮೂರು ಬ್ರಿಜ್ಜುಗಳನ್ನು ಇರಿಸಿದರೆಂದು ಭಾವಿಸೋಣ. ಮೊದಲನೆಯ ತಂತಿಯಲ್ಲಿ ಒಂದು ಡಂಗುರ ಹೊರಟರೆ ಮೂರೂ ಬ್ರಿಜ್ಜುಗಳು ಅದನ್ನು ಎರಡನೆಯ ತಂತಿಗೆ ದಾಟಿಸುತ್ತವೆ. ಒಂದು ಮೂರಾಯಿತು. ಒಂದು ಬ್ರಿಜ್ ದಾಟಿಸಿದುದನ್ನು ಉಳಿದೆರಡು ಹೊಸ ಸಂದೇಶವೆಂದೇ ಬಗೆದು ಹಿಂದಕ್ಕೆ ದಾಟಿಸುತ್ತವೆ. ಮೂರು ಆರಾಯಿತು, ಆರು ಹನ್ನೆರಡಾಯಿತು. ಫ್ರೇಮಿನ ಮೇಲೆ ಎಣಿಕೆಯಿಲ್ಲವಾದುದರಿಂದ ಇದಕ್ಕೆ ಕೊನೆಯಿಲ್ಲ. ಕ್ಷಣಾರ್ಧದಲ್ಲಿ ತಂತಿಗಳು ಒಂದೇ ಮಾತಿನ ಪ್ರತಿಧ್ವನಿಗಳಿಂದ ತುಂಬಿ, ಬೇರೆ ಮಾತಿಗೆ ಎಡೆಯಿಲ್ಲದಂತಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ನೇರವಾದ ದೃಷ್ಟಾಂತ ಯಂತ್ರಲೋಕದಲ್ಲಿ ದೊರೆಯಲಾರದು.

೪

ಈ ಸುತ್ತುಗಳನ್ನು ನಿವಾರಿಸುವ ಹೊಣೆ ಪರ್ಲ್‌ಮನ್ ಅವರ ಮೇಲೆ ಬಿದ್ದಿತು. ಅವರ ಮೇಲಧಿಕಾರಿಯು ಒಂದು ವಾರ ರಜೆಯ ಮೇಲೆ ಹೋಗುವ ಮುನ್ನ ಸಮಸ್ಯೆಯನ್ನು ಒಪ್ಪಿಸಿದನೆಂದೂ, ಅದೇ ರಾತ್ರಿ ಪರಿಹಾರವು ಹೊಳೆಯಿತೆಂದೂ, ಅದನ್ನು ಬರೆದು ಮುಗಿಸಲು ಎರಡೇ ದಿನ ಹಿಡಿಯಿತೆಂದೂ, ಉಳಿದ ಕಾಲದಲ್ಲಿ ಒಂದು ವಿನೋದಪದ್ಯವನ್ನು ರಚಿಸಿದರೆಂದೂ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆ ಪದ್ಯವು ೧೯೮೫ರಲ್ಲಿ ಪ್ರಕಟವಾದ ಅವರ ಪ್ರಬಂಧದ ಮೊದಲಲ್ಲಿ ಸಾರಾಂಶದ ಸ್ಥಾನದಲ್ಲಿ ನಿಂತಿದೆ. ಪ್ರಬಂಧದ ಪರಿಹಾರಕ್ಕೆ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಎಲ್ಲ ಠಾಣೆಗಳನ್ನೂ ವ್ಯಾಪಿಸಿದ, ಆದರೆ ಎಲ್ಲಿಯೂ ಸುತ್ತಿಲ್ಲದ ಮರ ಎಂದು ಅದರ ಅರ್ಥ.

ಒಂದು ರಾತ್ರಿಯ ಈ ಕಥೆ ಮನೋಹರವಾಗಿದೆ. ಅದನ್ನು ಅಲ್ಲಗಳೆಯಬೇಕಾದ ಕಾರಣವೂ ಇಲ್ಲ. ಆದರೆ ಇತಿಹಾಸಕಾರನು ಆ ರಾತ್ರಿಯ ಹಿಂದಣ ದೀರ್ಘ ಹಗಲನ್ನೂ ನೋಡಬೇಕು. ಸುತ್ತಿಲ್ಲದ ಜಾಲಗಳನ್ನು ವಿದ್ಯುನ್ಮಂಡಲಗಳ ಸಂಬಂಧದಲ್ಲಿ ಕಿರ್ಖಾಫ್ ೧೮೪೭ರಷ್ಟು ಹಿಂದೆಯೇ ಪರಿಶೀಲಿಸಿದ್ದನು. ಅವುಗಳಿಗೆ ಮರವೆಂಬ ಹೆಸರನ್ನಿಟ್ಟು ೧೮೫೭ರಲ್ಲಿ ಬರೆದವನು ಆಂಗ್ಲ ಗಣಿತಜ್ಞ ಆರ್ಥರ್ ಕೇಲಿ. ೧೯೨೬ರಲ್ಲಿ ಚೆಕ್ ಗಣಿತಜ್ಞ ಒಟಕರ್ ಬೊರೂವ್ಕ, ಪಶ್ಚಿಮ ಮೊರಾವಿಯ ಪ್ರಾಂತಕ್ಕೆ ಅತ್ಯಲ್ಪ ವೆಚ್ಚದಲ್ಲಿ ವಿದ್ಯುತ್ತಂತಿಗಳನ್ನು ಎಳೆಯುವ ಪ್ರಶ್ನೆಗೆ ಉತ್ತರವಾಗಿ ಇಂತಹ ಮರವನ್ನು ಕಂಡುಹಿಡಿಯುವ ವಿಧಾನವನ್ನು ಪ್ರಕಟಿಸಿದನು. ಇದಕ್ಕಿಂತಲೂ ಹತ್ತಿರದ ಮೂಲವು ಈಥರ್‌ನೆಟ್ಟಿನ ಒಳಗೇ ಇದೆ. ೧೯೭೬ರಲ್ಲಿ ಮೆಟ್‌ಕಾಫ್ ಮತ್ತು ಬಾಗ್ಸ್ ವಿಧಿಸಿದ್ದುದು ಬೇರಿಲ್ಲದ ಮರವನ್ನು. ತಂತಿಯೆಳೆಯುವ ಕೆಲಸಗಾರನು ಆ ವಿಧಿಯನ್ನು ಕೈಯಾರೆ ಪಾಲಿಸಬೇಕಾಗಿದ್ದಿತು. ಬ್ರಿಜ್ಜುಗಳ ಬಳಕೆಯಿಂದ ಆ ವಿಧಿ ಮುರಿಯಿತು. ಪರ್ಲ್‌ಮನ್ ಮುರಿದ ಮರವನ್ನು ಮತ್ತೆ ನೆಟ್ಟರು. ಈ ಸಲ ಅದಕ್ಕೆ ಬೇರನ್ನೂ ಕೊಟ್ಟರು. ಅದನ್ನು ಕಾಯುವ ಕೆಲಸವನ್ನು ಮನುಷ್ಯನಿಂದ ಯಂತ್ರಕ್ಕೆ ವರ್ಗಾಯಿಸಿದರು. ೧೯೮೫ರ ಪ್ರಬಂಧವನ್ನು ಹೊಸ ಆರಂಭವೆನ್ನುವುದಕ್ಕಿಂತ ಹಳೆಯ ವಿಧಿಯ ಪುನಃಸ್ಥಾಪನೆಯೆಂದು ಕರೆಯುವುದು ಹೆಚ್ಚು ಯುಕ್ತವೆಂದು ನನ್ನ ಅಭಿಪ್ರಾಯ.

ಮರವನ್ನು ಕಟ್ಟುವ ಕ್ರಮವು ಹೀಗಿದೆ. ಪ್ರತಿಯೊಂದು ಬ್ರಿಜ್ಜಿಗೂ ಒಂದು ಸಂಖ್ಯೆಯುಂಟು. ಆರಂಭದಲ್ಲಿ ಪ್ರತಿಯೊಂದೂ ತಾನೇ ಮರದ ಬೇರೆಂದು ಭಾವಿಸಿ ನೆರೆಯವರಿಗೆ ಹಾಗೆಂದು ಸಾರುತ್ತದೆ. ತನಗಿಂತ ಕಡಿಮೆ ಸಂಖ್ಯೆಯವನ ಸಾರಿಕೆ ಕೇಳಿಬಂದೊಡನೆ ತನ್ನ ಹಕ್ಕನ್ನು ಬಿಟ್ಟು ಅವನನ್ನು ಬೇರೆಂದು ಒಪ್ಪಿಕೊಳ್ಳುತ್ತದೆ. ಅವನನ್ನು ತಲಪಲು ತನಗೆಷ್ಟು ವೆಚ್ಚವೆಂಬುದನ್ನು ಸೇರಿಸಿ ಮುಂದಿನವರಿಗೆ ತಿಳಿಸುತ್ತದೆ. ಹೀಗೆ ಕೆಲಕಾಲದಲ್ಲಿ ಎಲ್ಲರೂ ಒಬ್ಬನನ್ನೇ ಬೇರೆಂದು ಒಪ್ಪುತ್ತಾರೆ. ಬೇರಿನೆಡೆಗೆ ಹೋಗುವ ಅತ್ಯುತ್ತಮ ದಾರಿಯನ್ನು ಪ್ರತಿಯೊಬ್ಬನೂ ಇಟ್ಟುಕೊಳ್ಳುತ್ತಾನೆ. ಮರಕ್ಕೆ ಸೇರದ ಬಾಗಿಲುಗಳು ಮುಚ್ಚಲ್ಪಡುತ್ತವೆ. ಎಲ್ಲವನ್ನೂ ತಿಳಿದ ಕೇಂದ್ರಾಧಿಕಾರಿ ಇಲ್ಲಿ ಯಾರೂ ಇಲ್ಲ. ಜಾಲದ ನಕ್ಷೆ ಯಾರ ಬಳಿಯೂ ಇಲ್ಲ. ಜಾಲವು ಎಷ್ಟು ಬೆಳೆದರೂ ಬ್ರಿಜ್ಜಿನ ನೆನಪಿನ ಹೊರೆ ಅದರ ಬಾಗಿಲುಗಳ ಸಂಖ್ಯೆಗಿಂತ ಹೆಚ್ಚುವುದಿಲ್ಲ. ಸರಳತೆಯಲ್ಲಿ ಇದನ್ನು ಮೀರಿಸುವುದು ಕಷ್ಟ.

ಮೀಸಲು ಮಾರ್ಗವು ತೆರೆಯುವ ಬಗೆಯನ್ನು ಈಗ ಗಮನಿಸಬೇಕು. ಬೇರಿನ ಸಾರಿಕೆಯು ಎರಡೆರಡು ಸೆಕೆಂಡುಗಳಿಗೊಮ್ಮೆ ಮರದ ಕೊಂಬೆಗಳಲ್ಲಿ ಇಳಿದುಬರುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ನಿಂತ ಬ್ರಿಜ್ ಆ ಸಾರಿಕೆಯನ್ನು ಕೇಳಿಸಿಕೊಳ್ಳುತ್ತಿರುವವರೆಗೂ ಬಾಗಿಲನ್ನು ಮುಚ್ಚಿಯೇ ಇರುತ್ತದೆ. ೨೦ ಸೆಕೆಂಡುಗಳವರೆಗೆ ಸಾರಿಕೆ ಬಾರದಿದ್ದರೆ, ಆಚೆಯವನು ಸತ್ತನೆಂದು ಬಗೆದು, ೧೫ ಸೆಕೆಂಡುಗಳಂತೆ ಎರಡು ಸಲ ತಾಳಿ, ಬಾಗಿಲನ್ನು ತೆರೆಯುತ್ತದೆ. ಒಟ್ಟು ೫೦ ಸೆಕೆಂಡು. ೧೯೭೩ರಲ್ಲಿ ತಂತಿಯ ಮೌನವು ಮಾತನಾಡಲು ಸಮ್ಮತಿಯಾಗಿದ್ದಿತು; ಈಗ ನೆರೆಯವನ ಮೌನವು ಬಾಗಿಲು ತೆರೆಯಲು ಸಮ್ಮತಿಯಾಯಿತು. ರೌಟರಿನ ಪರಂಪರೆಯಲ್ಲಿ ಇದಕ್ಕೆ ತದ್ವಿರುದ್ಧವಾದ ನೀತಿಯುಂಟು. ಅಲ್ಲಿ ನೆರೆಯವನು ಮಾತನಾಡದಿದ್ದರೆ ಅವನೆಡೆಗೆ ಏನನ್ನೂ ಕಳುಹಿಸುವುದಿಲ್ಲ. ಒಂದರಲ್ಲಿ ಮೌನವು ದಾರಿಯನ್ನು ಮುಚ್ಚುತ್ತದೆ, ಮತ್ತೊಂದರಲ್ಲಿ ತೆರೆಯುತ್ತದೆ. ಸತ್ತವನೂ ಮಾತನಾಡಲಾರದೆ ಹೋದವನೂ ಮೌನವಾಗಿಯೇ ಇರುತ್ತಾರೆ. ಇವರಿಬ್ಬರನ್ನು ಬೇರ್ಪಡಿಸಿ ತಿಳಿಯುವ ಉಪಾಯವು ೧೯೮೫ರ ಮರದಲ್ಲಿ ಇರಲಿಲ್ಲ.

೫

ಈ ಪದ್ಧತಿಯು ಪ್ರತಿಸ್ಪರ್ಧಿಯಿಲ್ಲದೆ ಗೆದ್ದುದಲ್ಲ. ಐ.ಬಿ.ಎಂ. ಕಂಪೆನಿಯು ತನ್ನ ಟೋಕನ್ ರಿಂಗ್ ಜಾಲಗಳಿಗಾಗಿ, ಕಳುಹಿಸುವ ಯಂತ್ರವೇ ದಾರಿಯನ್ನು ವಿಚಾರಿಸಿ ಸಂದೇಶದ ಮೇಲೆ ಬರೆದುಕಳುಹಿಸುವ ಮತ್ತೊಂದು ಪದ್ಧತಿಯನ್ನು ಪ್ರತಿಪಾದಿಸಿತು. ಐ.ಇ.ಇ.ಇ. ಸಮಿತಿಗಳಲ್ಲಿ ಎರಡರ ನಡುವೆ ದೀರ್ಘವಾದ ವಾದ ನಡೆಯಿತು. ಕೊನೆಗೆ ೧೯೯೦ರ ೮೦೨.೧ಡಿ ಎಂಬ ಶಿಷ್ಟ ನಿಯಮವು ಪರ್ಲ್‌ಮನ್ ಅವರ ಮರವನ್ನು ಅಂಗೀಕರಿಸಿತು. ಟೋಕನ್ ರಿಂಗ್ ಕ್ರಮೇಣ ಮರೆಯಾದಂತೆ ಎದುರಾಳಿ ಪದ್ಧತಿಯೂ ಮರೆಯಾಯಿತು.

ಅದೇ ವರ್ಷ ಕಲ್ಪನಾ ಎಂಬ ಅಮೆರಿಕನ್ ಕಂಪೆನಿಯು ಹಲವು ಬಾಗಿಲುಗಳುಳ್ಳ ವೇಗಶಾಲಿಯಾದ ಬ್ರಿಜ್ಜನ್ನು ಮಾರುಕಟ್ಟೆಗೆ ತಂದು ಅದನ್ನು ಸ್ವಿಚ್ ಎಂದು ಕರೆಯಿತು. ೧೯೯೪ರಲ್ಲಿ ಸಿಸ್ಕೋ ಕಂಪೆನಿಯು ಅದನ್ನು ಕೊಂಡುಕೊಂಡಿತು. ಎಲ್ಲರಿಗೂ ಒಂದೇ ತಂತಿ ಎಂಬ ಕಾಲ ಮುಗಿಯಿತು. ಪ್ರತಿಯೊಂದು ಯಂತ್ರಕ್ಕೂ ತನ್ನದೇ ತಂತಿ. ಆ ತಂತಿಗಳೆಲ್ಲ ಒಂದು ಸ್ವಿಚ್ಚಿನಲ್ಲಿ ಕೂಡುತ್ತವೆ. ಒಂದು ತಂತಿ ಕಡಿದರೆ ಒಂದು ಯಂತ್ರಕ್ಕಷ್ಟೇ ನಷ್ಟ. ಆದರೆ ನಡುವಣ ಸ್ವಿಚ್ ಕೆಟ್ಟರೆ ಎಲ್ಲವೂ ಕೆಡುತ್ತದೆ. ಯಂತ್ರವಿಲ್ಲದ ಲೋಹವೇ ಭದ್ರತೆಯೆಂಬ ೧೯೭೬ರ ವಾದವು ಹೀಗೆ ತಳವಿಲ್ಲದಂತಾಯಿತು. ನಡುವೆ ಎರಡು ಸ್ವಿಚ್ಚುಗಳನ್ನೂ, ಪ್ರತಿಯೊಂದಕ್ಕೂ ಎರಡೆರಡು ಕೊಂಡಿಗಳನ್ನೂ ಇರಿಸುವುದು ರೂಢಿಯಾಯಿತು. ಆ ಕೊಂಡಿಗಳಲ್ಲಿ ಅರ್ಧದಷ್ಟನ್ನು ಮರವು ಮುಚ್ಚಿಬಿಡುತ್ತಿದ್ದಿತು. ೧೯೯೫ರಲ್ಲಿ ಸೆಕೆಂಡಿಗೆ ೧೦ ಕೋಟಿ ಬಿಟ್ಟುಗಳ, ೧೯೯೮ರಲ್ಲಿ ೧೦೦ ಕೋಟಿ ಬಿಟ್ಟುಗಳ ಈಥರ್‌ನೆಟ್ ಶಿಷ್ಟ ರೂಪವನ್ನು ಪಡೆದಾಗ, ಹಣ ಕೊಟ್ಟು ಹಾಕಿಸಿದ ಕೊಂಡಿಯೊಂದು ವರ್ಷವಿಡೀ ಸುಮ್ಮನಿರುವುದು ಸಂಸ್ಥೆಗಳಿಗೆ ಅಸಹನೀಯವಾಗಿ ತೋರಿತು.

ಇದಕ್ಕೆ ದೊರೆತ ಪರಿಹಾರಗಳಲ್ಲಿ ಮುಖ್ಯವಾದುವು ಎರಡು. ಎರಡು ಸ್ವಿಚ್ಚುಗಳ ನಡುವಣ ಹಲವು ಕೊಂಡಿಗಳನ್ನು ಒಂದೇ ಕಂತೆಯಾಗಿ ಕಟ್ಟಿ, ಮರಕ್ಕೆ ಅದೊಂದೇ ಕೊಂಡಿಯೆಂದು ತೋರಿಸುವುದು ಮೊದಲನೆಯದು. ಒಂದು ಸಂಭಾಷಣೆಯ ಫ್ರೇಮುಗಳೆಲ್ಲ ಕಂತೆಯ ಒಂದೇ ಎಳೆಯಲ್ಲಿ ಹೋಗುವಂತೆ ನೋಡಿಕೊಂಡರೆ ಅವುಗಳ ಕ್ರಮ ತಪ್ಪುವುದಿಲ್ಲ. ಒಂದು ಎಳೆ ಕಡಿದರೆ ಅದರ ಭಾರ ಉಳಿದ ಎಳೆಗಳಿಗೆ ಹಂಚಿಹೋಗುತ್ತದೆ. ಇದು ೨೦೦೦ದಲ್ಲಿ ೮೦೨.೩ಎಡಿ ಎಂಬ ಹೆಸರಿನಿಂದ ಶಿಷ್ಟವಾಯಿತು. ಎರಡನೆಯದು ೨೦೦೧ರ ೮೦೨.೧ಡಬ್ಲ್ಯು, ಎಂದರೆ ಶೀಘ್ರಗತಿಯ ಮರ. ಇದರ ವೇಗವನ್ನು ಎಲ್ಲರೂ ಹೊಗಳುತ್ತಾರೆ. ವೇಗಕ್ಕೆ ಕಾರಣವಾದ ನೀತಿಯನ್ನು ಗಮನಿಸುವವರು ವಿರಳ. ಹಳೆಯ ಮರದಲ್ಲಿ ಬಾಗಿಲು ತೆರೆಯುವ ಮುನ್ನ ಗಡಿಯಾರವನ್ನು ನೋಡುತ್ತಾ ಕಾಯಬೇಕಾಗಿದ್ದಿತು. ಹೊಸ ಮರದಲ್ಲಿ ಒಂದು ಸ್ವಿಚ್ ಬಾಗಿಲು ತೆರೆಯುವೆನೆಂದು ಪ್ರಸ್ತಾಪಿಸುತ್ತದೆ. ಎದುರಿನ ಸ್ವಿಚ್ ತನ್ನ ಉಳಿದ ಬಾಗಿಲುಗಳನ್ನು ಭದ್ರಪಡಿಸಿಕೊಂಡು ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳುತ್ತದೆ. ಸಮ್ಮತಿಗೆ ಮೌನವು ಸಾಲದು, ಉತ್ತರ ಬೇಕು ಎಂಬ ನೀತಿಯು ಈಥರ್‌ನೆಟ್ ಮರದೊಳಗೆ ಮೊದಲಬಾರಿಗೆ ಕಾಲಿಟ್ಟಿತು. ಆದರೂ ಹಳೆಯ ನೀತಿ ಪೂರ್ತಿಯಾಗಿ ತೊಲಗಲಿಲ್ಲ. ಮೂರು ಸಾರಿಕೆಗಳು ಒಂದಾದಮೇಲೊಂದು ತಪ್ಪಿದರೆ ನೆರೆಯವನಿಲ್ಲವೆಂದು ಈ ಮರವೂ ತೀರ್ಮಾನಿಸುತ್ತದೆ.

೬

ಈ ನೀತಿಭೇದವು ಪಂಡಿತರ ಚರ್ಚೆಗೆ ಮಾತ್ರ ಸೀಮಿತವಾದುದಲ್ಲವೆಂಬುದು ೨೦೦೨ರ ನವೆಂಬರ್ ತಿಂಗಳಲ್ಲಿ ಬಾಸ್ಟನ್ ನಗರದಲ್ಲಿ ಸ್ಪಷ್ಟವಾಯಿತು. ಅಲ್ಲಿಯ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರವು ೧೯೯೬ರಲ್ಲಿ ಎರಡು ಆಸ್ಪತ್ರೆಗಳ ಕೂಡಿಕೆಯಿಂದ ರೂಪುಗೊಂಡ ಸಂಸ್ಥೆ. ರೋಗಿಗಳ ದಾಖಲೆ, ಪ್ರಯೋಗಾಲಯದ ಫಲಿತಾಂಶ, ಔಷಧಗಳ ಆದೇಶ ಇವೆಲ್ಲವನ್ನೂ ಗಣಕಯಂತ್ರಗಳ ಮೂಲಕವೇ ನಡೆಸುವುದರಲ್ಲಿ ಅದು ಅಮೆರಿಕದಲ್ಲಿಯೇ ಮುಂದಾಗಿದ್ದಿತು. ಆದರೆ ಅದರ ಜಾಲವು ವರ್ಷದಿಂದ ವರ್ಷಕ್ಕೆ ತುಂಡುತುಂಡಾಗಿ ಸೇರಿಸುತ್ತಾ ಬಂದುದು. ೮೦೨.೧ಡಿ ನಿಯಮದ ಕಾಲಾವಧಿಗಳು, ಜಾಲದ ಯಾವ ಎರಡು ತುದಿಗಳ ನಡುವೆಯೂ ಏಳಕ್ಕಿಂತ ಹೆಚ್ಚು ಬ್ರಿಜ್ಜುಗಳಿರವೆಂಬ ಎಣಿಕೆಯ ಮೇಲೆ ನಿಂತಿವೆ. ಆ ಆಸ್ಪತ್ರೆಯ ಜಾಲದ ಕೆಲವು ಭಾಗಗಳು ಈ ಎಲ್ಲೆಯನ್ನು ಮೀರಿದ್ದುವು.

ನವೆಂಬರ್ ೧೩ರಂದು ಸಂಶೋಧಕನೊಬ್ಬನ ಕಾರ್ಯಕ್ರಮವು ಅಪಾರ ಪ್ರಮಾಣದ ಮಾಹಿತಿಯನ್ನು ಜಾಲಕ್ಕೆ ಹರಿಯಬಿಟ್ಟಿತು. ನಡುವಣ ಸ್ವಿಚ್ಚೊಂದು ಆ ಭಾರದಲ್ಲಿ ಮುಳುಗಿ, ಮರದ ಸಾರಿಕೆಗಳನ್ನು ಸಕಾಲದಲ್ಲಿ ದಾಟಿಸಲಾರದೆ ಹೋಯಿತು. ಅದು ಸತ್ತಿರಲಿಲ್ಲ, ಉಸಿರು ಕಟ್ಟಿದ್ದಿತು. ಉಳಿದ ಸ್ವಿಚ್ಚುಗಳು ಆ ಮೌನವನ್ನು ಮರಣವೆಂದು ಬಗೆದು ಮೀಸಲು ಮಾರ್ಗಗಳನ್ನು ತೆರೆದುವು. ಮುಖ್ಯ ಮಾರ್ಗಗಳೂ ಮೀಸಲು ಮಾರ್ಗಗಳೂ ಒಟ್ಟಿಗೆ ತೆರೆದುಕೊಂಡು, ಸಂದೇಶಗಳು ಸುತ್ತತೊಡಗಿದುವು. ಸುತ್ತಿನ ಭಾರದಿಂದ ಮತ್ತಷ್ಟು ಸಾರಿಕೆಗಳು ತಪ್ಪಿದುವು. ತಪ್ಪಿದ ಸಾರಿಕೆಗಳಿಂದ ಮತ್ತಷ್ಟು ಬಾಗಿಲುಗಳು ತೆರೆದುವು. ಸುಮಾರು ನಾಲ್ಕು ದಿನಗಳ ಕಾಲ ವೈದ್ಯರೂ ದಾದಿಯರೂ ಕಾಗದ ಲೇಖನಿಗಳಿಗೆ ಮರಳಬೇಕಾಯಿತು. ಆದೇಶಗಳನ್ನೂ ಫಲಿತಾಂಶಗಳನ್ನೂ ಆಳುಗಳು ಕೈಯಲ್ಲಿ ಹಿಡಿದು ಅಂತಸ್ತಿನಿಂದ ಅಂತಸ್ತಿಗೆ ಓಡಾಡಿದರು. ಕಾಗದದ ಮೇಲೆ ಆದೇಶ ಬರೆಯುವ ಅಭ್ಯಾಸವೇ ಇಲ್ಲದ ಕಿರಿಯ ವೈದ್ಯರಿಗೆ ಹಿರಿಯರು ಅದನ್ನು ಕಲಿಸಬೇಕಾಯಿತು. ನವೆಂಬರ್ ೧೮ರ ವೇಳೆಗೆ ಜಾಲವು ಸುಸ್ಥಿತಿಗೆ ಬಂದಿತು. ಅನಂತರ ಅದನ್ನು ರೌಟರುಗಳಿಂದ ಭಾಗಭಾಗವಾಗಿ ಬೇರ್ಪಡಿಸಿ ಮರುನಿರ್ಮಿಸಲಾಯಿತು. ಆಸ್ಪತ್ರೆಯ ಮಾಹಿತಿಶಾಖೆಯ ಮುಖ್ಯಾಧಿಕಾರಿ ಜಾನ್ ಹಲಾಮ್ಕ ಈ ಘಟನೆಯನ್ನು ಮುಚ್ಚಿಡದೆ ಬಹಿರಂಗವಾಗಿ ವಿವರಿಸಿದುದು ಇತಿಹಾಸಕಾರರಿಗೆ ಮಹೋಪಕಾರ. ಇಂತಹ ವಿಷಯಗಳಲ್ಲಿ ಸಂಸ್ಥೆಗಳ ಮೌನವೇ ಸಾಮಾನ್ಯ.

ಇಲ್ಲಿ ದೋಷ ಯಾರದು? ಸಂಶೋಧಕನದೆಂದರೆ ಅನ್ಯಾಯ, ಅವನು ಮಾಡಿದುದು ಜಾಲದ ಬಳಕೆಯನ್ನೇ. ಎಲ್ಲೆ ಮೀರಿ ಬೆಳೆಸಿದ ಆಡಳಿತದ್ದೆಂದರೆ ಒಂದು ಮಟ್ಟಿಗೆ ಸರಿ. ಆದರೆ ಮೂಲದಲ್ಲಿ, ಮೀಸಲು ಮಾರ್ಗವು ಯಾವ ವಿಪತ್ತಿಗಾಗಿ ಇಡಲ್ಪಟ್ಟಿತೋ ಆ ವಿಪತ್ತನ್ನು ಸರಿಯಾಗಿ ಗುರುತಿಸುವ ಶಕ್ತಿ ಅದರ ಕಾವಲುಗಾರನಿಗೆ ಇರಲಿಲ್ಲ. ಬೆಳಕಿನ ತಂತುಗಳ ಬಳಕೆ ಹೆಚ್ಚಿದಾಗಲೂ ಇದೇ ದೋಷವು ಮತ್ತೊಂದು ರೂಪದಲ್ಲಿ ಕಾಣಿಸಿಕೊಂಡಿತು. ಜೋಡಿ ತಂತುಗಳಲ್ಲಿ ಒಂದು ಮಾತ್ರ ಮುರಿದರೆ ಒಬ್ಬನು ಮಾತನಾಡುತ್ತಿದ್ದರೂ ಮತ್ತೊಬ್ಬನಿಗೆ ಕೇಳಿಸದು. ಕೇಳಿಸದವನು ಬಾಗಿಲು ತೆರೆಯುವನು. ಇದನ್ನು ತಡೆಯಲು ಕಂಪೆನಿಗಳು ತಮ್ಮತಮ್ಮ ಕಾವಲುಗಳನ್ನು ರಚಿಸಿದುವು. ಅವುಗಳ ಸಾರವೆಲ್ಲ ಒಂದೇ: ಮೊದಲು ಮಾತನಾಡುತ್ತಿದ್ದವನು ಹಠಾತ್ತನೆ ಸುಮ್ಮನಾದರೆ ಬಾಗಿಲು ತೆರೆಯಬೇಡ, ಅನುಮಾನಪಡು.

೭

ಇತ್ತೀಚಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಪರ್ಲ್‌ಮನ್ ತಮ್ಮ ಮರಕ್ಕೆ ತಾವೇ ಬದಲಿಯನ್ನು ಸೂಚಿಸಿ ೨೦೦೪ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅದು ೨೦೧೧ರಲ್ಲಿ ಟ್ರಿಲ್ ಎಂಬ ಹೆಸರಿನ ನಿಯಮವಾಯಿತು, ಮರುವರ್ಷ ಐ.ಇ.ಇ.ಇ.ಯು ೮೦೨.೧ಎಕ್ಯೂ ಎಂಬ ಮತ್ತೊಂದನ್ನು ಹೊರತಂದಿತು. ಟ್ರಿಲ್ಲಿನಲ್ಲಿ ಫ್ರೇಮಿಗೆ ಹೊರಗಣ ಲಕೋಟೆಯೊಂದನ್ನು ತೊಡಿಸಿ, ೧೯೭೩ರಿಂದ ಇಲ್ಲದಿದ್ದ ಆ ಎಣಿಕೆಯನ್ನು ಅದರ ಮೇಲೆ ಬರೆಯಲಾಯಿತು. ಬ್ಯಾರನ್ನನ ಅಂಕೆ ತಡವಾಗಿ ಈಥರ್‌ನೆಟ್ಟಿನ ಮನೆಗೆ ಬಂದಿತು. ಆದರೆ ದೊಡ್ಡ ಗಣಕಾಗಾರಗಳು ಬಹುಪಾಲು ಇವೆರಡನ್ನೂ ಬಿಟ್ಟು, ರೌಟರಿನ ನೀತಿಯನ್ನೇ ಪ್ರತಿಯೊಂದು ಸ್ವಿಚ್ಚಿಗೂ ಕಲಿಸಿ, ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲಾಸ್ ೧೯೫೩ರಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ವಿವರಿಸಿದ್ದ ಬಹುಮಾರ್ಗದ ವಿನ್ಯಾಸವನ್ನು ಹಿಡಿದುವು. ಕಚೇರಿ ಕಾಲೇಜುಗಳ ಜಾಲಗಳಲ್ಲಿ ಮರವು ಇಂದಿಗೂ ಕಾವಲಿದೆ.

ಕೈಗಾರಿಕೆಗಳ ಕ್ಷೇತ್ರದಲ್ಲಿ ಬೇರೊಂದು ಹಾದಿ ತೆರೆಯಿತು. ಉಂಗುರದಾಕಾರದ ಜಾಲಗಳಲ್ಲಿ ೫೦ ಮಿಲಿಸೆಕೆಂಡುಗಳೊಳಗೆ ಹೊರಳುವ ವಿಧಾನವು ೨೦೦೮ರಲ್ಲಿ ಜಿ.೮೦೩೨ ಎಂಬ ಅಂತರರಾಷ್ಟ್ರೀಯ ನಿಯಮವಾಯಿತು. ವಿದ್ಯುತ್ ಉಪಕೇಂದ್ರಗಳಿಗೆ ಅಷ್ಟು ತಡವೂ ಸಹ್ಯವಾಗದು. ಅವುಗಳಿಗಾಗಿ ೨೦೧೦ರ ಐ.ಇ.ಸಿ. ೬೨೪೩೯-೩ ನಿಯಮದಲ್ಲಿ ಪ್ರಕಟವಾದ ಪಿ.ಆರ್.ಪಿ. ಎಂಬ ಪದ್ಧತಿಯಲ್ಲಿ, ಪ್ರತಿಯೊಂದು ಯಂತ್ರವೂ ಪರಸ್ಪರ ಸಂಬಂಧವಿಲ್ಲದ ಎರಡು ಜಾಲಗಳಿಗೆ ಸೇರಿರುತ್ತದೆ. ಪ್ರತಿಯೊಂದು ಸಂದೇಶವನ್ನೂ ಕ್ರಮಸಂಖ್ಯೆಯೊಡನೆ ಎರಡರಲ್ಲಿಯೂ ಕಳುಹಿಸುತ್ತದೆ. ಪಡೆಯುವ ಯಂತ್ರವು ಮೊದಲು ಬಂದುದನ್ನು ಇಟ್ಟುಕೊಂಡು ಎರಡನೆಯದನ್ನು ಎಸೆಯುತ್ತದೆ. ಹೊರಳುವಿಕೆಯೇ ಇಲ್ಲವಾದುದರಿಂದ ಹೊರಳುವ ಕಾಲವು ಸೊನ್ನೆ. ಒಂದೇ ಸಂದೇಶವು ಎರಡು ಸಲ ಬರುವುದು ೧೯೭೬ರಲ್ಲಿ ವ್ಯವಸ್ಥೆಯ ಶತ್ರುವಾಗಿದ್ದಿತು. ಇಲ್ಲಿ ಅದೇ ವ್ಯವಸ್ಥೆಯ ಆಧಾರವಾಗಿದೆ. ಯಾರ ಮೌನಕ್ಕೂ ಅರ್ಥ ಹಚ್ಚಿ ದಾರಿ ಬದಲಿಸಬೇಕಾದ ಅಗತ್ಯ ಉಳಿಯಲಿಲ್ಲ. ಇದರ ಬೆಲೆಯೂ ಅಲ್ಪವಲ್ಲ. ಜಾಲವನ್ನು ಪೂರ್ಣವಾಗಿ ಎರಡು ಸಲ ಕಟ್ಟಬೇಕು. ೧೯೨೬ರಲ್ಲಿ ಮೊರಾವಿಯದ ವಿದ್ಯುತ್ತಂತಿಗಳಿಗಾಗಿ ಒಂದು ಎಳೆಯೂ ಹೆಚ್ಚಾಗದ ಮರವನ್ನು ಬೊರೂವ್ಕ ಹುಡುಕಿದನು; ಅದೇ ವಿದ್ಯುಚ್ಛಕ್ತಿಯ ಕಾವಲಿಗಾಗಿ ಒಂದು ಶತಮಾನದೊಳಗೆ ಎಲ್ಲವನ್ನೂ ಇಮ್ಮಡಿಸುವ ಪದ್ಧತಿ ರೂಢಿಗೆ ಬಂದಿತು.

ಮೇಲ್ಕಂಡ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟಪಡುತ್ತವೆ. ಮೊದಲನೆಯದಾಗಿ, ಒಂದು ವ್ಯವಸ್ಥೆಯು ಹುಟ್ಟುವಾಗ ಅನಗತ್ಯವೆಂದು ಕೈಬಿಟ್ಟ ಚಿಕ್ಕ ಅಂಶವು, ಆ ವ್ಯವಸ್ಥೆ ತನ್ನ ಮೂಲೋದ್ದೇಶವನ್ನು ಮೀರಿ ಬೆಳೆದಾಗ, ತಲೆಮಾರುಗಳವರೆಗೆ ಅದನ್ನು ಕಾಡುತ್ತದೆ. ಎರಡನೆಯದಾಗಿ, ಮೀಸಲು ಎಂಬುದು ಬರಿಯ ಸಾಮಗ್ರಿಯ ಹೆಚ್ಚಳದಿಂದ ಸಿದ್ಧಿಸುವುದಿಲ್ಲ. ಅದನ್ನು ಯಾವಾಗ ತೆರೆಯಬೇಕೆಂಬ ನಿರ್ಣಯವು ಯಾವ ಸಾಕ್ಷ್ಯದ ಮೇಲೆ ನಿಂತಿದೆಯೆಂಬುದೇ ಅದರ ಬೆಲೆಯನ್ನು ನಿಶ್ಚಯಿಸುತ್ತದೆ. ದಾಖಲೆಗಳು ಸುಮ್ಮನಿರುವೆಡೆಯಲ್ಲಿ ಆ ಮೌನವನ್ನು ತನ್ನ ಊಹೆಗೆ ಸಮ್ಮತಿಯೆಂದು ಬಗೆಯುವ ಅಭ್ಯಾಸವು ಇತಿಹಾಸಕಾರರಿಗೂ ಹೊಸದಲ್ಲ. ಬಾಸ್ಟನ್ನಿನ ಸ್ವಿಚ್ಚುಗಳು ಮಾಡಿದ ತಪ್ಪನ್ನು ವಿಚಾರಿಸುವಾಗ ನಮ್ಮ ಶಾಸ್ತ್ರದ ವಿಧಾನವನ್ನೂ ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು.